ಕಂಕುಳಲ್ಲೊಂದು, ಕೈಯಲ್ಲೊಂದು

ವಿಜಯವಾಡದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೆಂಜ್ ಸರ್ಕಲನ್ನು ಅರಿಯದವರಿಲ್ಲ. ಚೆನ್ನೈಯಿಂದ ಕೋಲ್ಕತ್ತೆಯತ್ತ ಸಾಗುವ 16ನೆಯ ರಾಷ್ಟ್ರೀಯ ಹೆದ್ದಾರಿಯೂ ಮಚಲೀಪಟ್ಟಣಕ್ಕೆ ಇಳಿಯುವ 65ನೆಯ ಹೆದ್ದಾರಿಯೂ ಸಂಧಿಸುವ ಸ್ಥಳವದು. ಫಲಕಗಳಲ್ಲಿ ಮಹಾತ್ಮಾ ಗಾಂಧಿ ರಸ್ತೆಯೆಂದೂ ಜನರ ಬಾಯಲ್ಲಿ ಬಂದರು ರಸ್ತೆಯೆಂದೂ ಕರೆಯಿಸಿಕೊಳ್ಳುವ ರಾಜಬೀದಿ ಅಲ್ಲಿಯೇ ಹೆದ್ದಾರಿಯನ್ನು ಕತ್ತರಿಸುತ್ತದೆ. 2020ರಿಂದ 2022ರೊಳಗೆ ಒಂದರ ಪಕ್ಕದಲ್ಲೊಂದು ಎರಡು ಮೇಲ್ಸೇತುವೆಗಳು ತೆರೆದುಕೊಂಡ ಮೇಲೆ ದೂರಪ್ರಯಾಣದ ಲಾರಿಗಳು ತಲೆಯ ಮೇಲೆಯೇ ಹಾದುಹೋಗುತ್ತವೆ, ನಿಜ. ಆದರೆ ಸೇತುವೆಯ ಕೆಳಗೆ ಊರಿನ ಬಸ್ಸು, ಆಟೋ, ಸ್ಕೂಟರುಗಳ ನೂಕುನುಗ್ಗಲು ಕಡಿಮೆಯಾಗಿಲ್ಲ. ವೃತ್ತದ ಹೆಸರಿನಲ್ಲಿ ಬೆಂಜ್ ಇದ್ದರೂ ನಮ್ಮಂತಹವರ ಪಾಲಿಗೆ ಒದಗುವುದು ಆಟೋವೇ.

ಈ ವೃತ್ತವನ್ನು ಒಬ್ಬಳೇ ದಾಟುವುದು ಅಭ್ಯಾಸಬಲದಿಂದ ಸಾಧ್ಯ. ಒಂದು ಮಗುವನ್ನು ಎತ್ತಿಕೊಂಡು ದಾಟುವುದೂ ಅಸಾಧ್ಯವೇನಲ್ಲ. ಕಂಕುಳಲ್ಲಿ ನಾಲ್ಕು ತಿಂಗಳ ಹಸುಗೂಸು, ಕೈಯಲ್ಲಿ ಎರಡು ವರ್ಷ ತುಂಬದ ನಡೆದಾಡುವ ಮಗು, ಭುಜದಲ್ಲಿ ಚೀಲ — ಹೀಗೆ ಹೊರಟ ತಾಯಿಗೆ ಮಾತ್ರ ಇದು ಸೇತುವೆಯಿಲ್ಲದ ಹೊಳೆಯಂತೆ ತೋರುತ್ತದೆ. ಹುಟ್ಟೂರಿನಲ್ಲಾದರೆ ಅತ್ತೆಯೋ ತಾಯಿಯೋ ನೆರೆಯ ಅಜ್ಜಿಯೋ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳುಹಿಸಿಕೊಡುತ್ತಿದ್ದರು. ಬ್ಯಾಂಕು, ರೈಲ್ವೆ, ಹೋಟೆಲು ಎಂದು ಉದ್ಯೋಗನಿಮಿತ್ತ ಪರಸ್ಥಳಕ್ಕೆ ಬಂದ ಸಂಸಾರಗಳಲ್ಲಿ ಆ ಅನುಕೂಲವಿಲ್ಲ. ಗಂಡ ಕಚೇರಿಗೆ ಹೋದನೆಂದರೆ ಸಂಜೆಯವರೆಗೆ ಎರಡು ಕೂಸಿಗೆ ಎರಡೇ ಕೈ.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಇಪ್ಪತ್ತನಾಲ್ಕು ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ರಕ್ತಬಲಕ್ಕೂ ಶಿಶುವಿನ ತೂಕಕ್ಕೂ ಅದು ಹಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡನೆಯದು ತೊಟ್ಟಿಲಿಗೆ ಬಂದಾದ ಮೇಲೂ ಬಂದವರೆಲ್ಲ ಇದನ್ನೇ ಉಪದೇಶಿಸುತ್ತಾರಲ್ಲ, ಅವರು ಉಪದೇಶದ ಬದಲು ಅರ್ಧ ಗಂಟೆ ಹಿರಿಯ ಮಗುವನ್ನು ಆಡಿಸಿದರೆ ಎಷ್ಟೋ ಉಪಕಾರವಾದೀತು. ನನ್ನ ಎರಡು ಮಕ್ಕಳ ನಡುವಣ ಅಂತರ ಹದಿನೆಂಟು ತಿಂಗಳು. ಆದುದರಿಂದ ಈ ವಿಷಯವಾಗಿ ನಾನು ಬರೆಯುವುದರಲ್ಲಿ ಪುಸ್ತಕಜ್ಞಾನಕ್ಕಿಂತ ಪೆಟ್ಟು ತಿಂದ ಜ್ಞಾನವೇ ಹೆಚ್ಚು.

ಒಂದು ಮಧ್ಯಾಹ್ನ ಪಟಮಟದಿಂದ ಹೊರಟು ಬೆಂಜ್ ಸರ್ಕಲಿನಲ್ಲಿ ಇಳಿದೆ. ಲಬ್ಬೀಪೇಟೆಯ ಕಡೆಗೆ ಹೋಗಬೇಕಾಗಿತ್ತು. ಎಡಗಂಕುಳಲ್ಲಿದ್ದ ಮಗಳು ಹಸಿವಿನಿಂದ ಕಿರುಚುತ್ತಿದ್ದಳು. ನನ್ನ ಗಮನವೆಲ್ಲ ಅವಳ ಮೇಲೆ. ಬಲಗೈಯಲ್ಲಿ ಮಗನ ಬೆರಳುಗಳು. ಅವನಿಗೆ ಆಗ ಇಪ್ಪತ್ತೆರಡು ತಿಂಗಳು. ಸೇತುವೆಯ ಕಂಬದ ಬುಡದಲ್ಲಿ ಒಂದು ನಾಯಿಮರಿ ಕಂಡಿತೋ ಏನೋ, ಅವನು ಕೈ ಕಿತ್ತುಕೊಳ್ಳುವ ಹಾಗೆ ಮುಂದಕ್ಕೆ ನುಗ್ಗಿದ. ಅದೇ ಕ್ಷಣದಲ್ಲಿ ಎದುರಿನಿಂದ ಆಟೋ ತಿರುಗಿತು. ನಾನು ಅವನ ಮಣಿಕಟ್ಟನ್ನು ಹಿಡಿದು ಬಲವಾಗಿ ಹಿಂದಕ್ಕೆ ಎಳೆದೆ. ಆಟೋ ಹೋಯಿತು, ಮಗು ಉಳಿಯಿತು. ಆದರೆ ಅವನ ಅಳು ನಿಲ್ಲಲಿಲ್ಲ. ಎಳೆದ ಕೈ ಸ್ವಲ್ಪ ಮಡಚಿ ಪಕ್ಕಕ್ಕೆ ಜೋತುಬಿದ್ದಿತ್ತು. ಬಿಸ್ಕತ್ತು ನೀಡಿದರೆ ಇನ್ನೊಂದು ಕೈ ಚಾಚುತ್ತಿದ್ದನೇ ಹೊರತು ಆ ಕೈಯನ್ನು ಎತ್ತಲೊಲ್ಲನು. ಮಗುವಿನ ಕೈ ಮುರಿದೆನೆಂದೇ ನಾನು ಭಾವಿಸಿದೆ. ಇಬ್ಬರನ್ನೂ ಮಡಿಲಿನಲ್ಲಿ ಹಾಕಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋದ ಆ ಹತ್ತು ನಿಮಿಷಗಳನ್ನು ಇಲ್ಲಿ ವರ್ಣಿಸಲಾರೆ.

ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಬಿದ್ದನೋ, ಎಳೆದಿರೋ?" ಎಂಬುದು. ಎಳೆದೆನೆಂದು ತಪ್ಪೊಪ್ಪಿಕೊಂಡೆ. ಅವರು ಮೊಣಕೈಯನ್ನು ಮೆಲ್ಲಗೆ ಹಿಡಿದು, ಮುಂಗೈಯನ್ನು ಒಂದು ಬಗೆಯಾಗಿ ತಿರುಗಿಸಿ ಮಡಚಿದರು. ಒಂದು ಚೀರಾಟ, ಐದು ನಿಮಿಷದೊಳಗಾಗಿ ಅದೇ ಕೈಯಿಂದ ಮೇಜಿನ ಮೇಲಿದ್ದ ಲೇಖನಿಯನ್ನು ಎಳೆದುಕೊಂಡ!

ಇದನ್ನು ವೈದ್ಯರು 'ಎಳೆದ ಮೊಣಕೈ' ಎನ್ನುತ್ತಾರೆ. ಹಿಂದೆ ಆಯಾಗಳು ಮಕ್ಕಳ ಕೈ ಹಿಡಿದೆಳೆಯುತ್ತಿದ್ದುದರಿಂದ 'ದಾದಿಯ ಮೊಣಕೈ' ಎಂಬ ಹೆಸರೂ ಉಂಟು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಮುಂಗೈಯ ಹೊರಮೂಳೆಯ ತಲೆಯನ್ನು ಬಳಸಿ ಹಿಡಿದಿರುವ ಉಂಗುರದಂತಹ ಪಟ್ಟಿ ಇನ್ನೂ ಸಡಿಲವಾಗಿರುತ್ತದೆ. ಚಾಚಿದ ಕೈಯನ್ನು ಹಠಾತ್ತನೆ ಎಳೆದರೆ ಆ ಪಟ್ಟಿ ಜಾರಿ ಕೀಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಬಾವು ಕಾಣಿಸದು, ಆದರೆ ಮಗು ಕೈಯನ್ನು ಬಳಸದು. ಬಸ್ಸಿನ ಎತ್ತರದ ಮೆಟ್ಟಿಲಿಗೆ ಒಂದೇ ಕೈ ಹಿಡಿದು ಮೇಲೆತ್ತುವಾಗ, ರಸ್ತೆ ದಾಟುವ ಆತುರದಲ್ಲಿ, ಇಬ್ಬರು ಎರಡು ಕೈ ಹಿಡಿದು ಉಯ್ಯಾಲೆಯಾಡಿಸುವಾಗ ಇದು ಸಂಭವಿಸುತ್ತದೆ. ಒಮ್ಮೆಯಾದದ್ದು ಮರುಕಳಿಸುವುದೂ ಉಂಟು. ಐದು ವರ್ಷದ ಬಳಿಕ ಪಟ್ಟಿ ಗಟ್ಟಿಯಾಗುವುದರಿಂದ ಅಪರೂಪವಾಗುತ್ತದೆ. ವೈದ್ಯರು ಕ್ಷಣಾರ್ಧದಲ್ಲಿ ಸರಿಪಡಿಸಿದರೆಂದು ಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಕೈಹಾಕಕೂಡದು. ಮಗು ಬಿದ್ದಿದ್ದರೆ, ಬಾವು ಬಂದಿದ್ದರೆ, ಅದು ಮೂಳೆಮುರಿತವೇ ಆಗಿರಬಹುದು. ಆಗ ತಿರುಗಿಸುವುದು ಅಪಾಯಕರ.

ಅಂದು ನನಗೆ ತಿಳಿದುಬಂದದ್ದೆಂದರೆ, ನಾನು ಇಡೀ ದಿನ ಚಿಕ್ಕದನ್ನು ಕಾಯುತ್ತಿದ್ದೆ, ಅಪಾಯ ಮಾತ್ರ ದೊಡ್ಡದರ ಬಳಿ ನಿಂತಿತ್ತು. ತೊಟ್ಟಿಲಿಗೆ ಹೊಸ ಕೂಸು ಬಂದ ದಿನವೇ ಒಂದೂವರೆ ವರ್ಷದ ಮಗುವನ್ನು ನಾವೆಲ್ಲ 'ದೊಡ್ಡವನು' ಎಂದು ಕರೆಯತೊಡಗುತ್ತೇವೆ. ಹಿಂದಿನ ದಿನದವರೆಗೆ ಅವನೂ ಕೂಸೇ ಆಗಿದ್ದ. ಒಂದೇ ರಾತ್ರಿಯಲ್ಲಿ ಅವನಿಗೆ ತಾಳ್ಮೆ, ವಿವೇಕ, ರಸ್ತೆಯ ನಿಯಮ ಎಲ್ಲವೂ ಬಂದುಬಿಡಬೇಕೆಂದು ನಿರೀಕ್ಷಿಸುವುದು ಎಷ್ಟು ನ್ಯಾಯ? ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞೆ ಸ್ಟೀನಾ ಸ್ಯಾಂಡೆಲ್ಸ್ 1960ರ ದಶಕದಲ್ಲಿ ರಸ್ತೆಯಲ್ಲಿ ಮಕ್ಕಳ ನಡವಳಿಕೆಯನ್ನು ದೀರ್ಘಕಾಲ ಪರೀಕ್ಷಿಸಿದರು. ಶಬ್ದ ಯಾವ ಕಡೆಯಿಂದ ಬರುತ್ತಿದೆ, ವಾಹನ ಎಷ್ಟು ವೇಗದಲ್ಲಿದೆ ಎಂಬುದನ್ನು ಶಾಲೆಗೆ ಹೋಗುವ ಮಕ್ಕಳೂ ಸರಿಯಾಗಿ ಗ್ರಹಿಸಲಾರರು, ಬೋಧನೆಯಿಂದ ಅವರನ್ನು ವಾಹನಸಂಚಾರಕ್ಕೆ ಹೊಂದಿಸಲಾಗದು, ಸಂಚಾರವನ್ನೇ ಅವರಿಗೆ ಹೊಂದಿಸಬೇಕು ಎಂಬುದು ಅವರ ನಿಲುವಾಗಿತ್ತು. ಇಪ್ಪತ್ತೆರಡು ತಿಂಗಳ ಮಗುವಿನ ಮಾತೇನು?

ಪದಚ್ಯುತಗೊಂಡ ಈ ಹಿರಿಯ ಕೂಸಿನ ಸಂಕಟಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರೇ ಇದೆ. ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ದುಡಿಯುತ್ತಿದ್ದ ಡಾಕ್ಟರ್ ಸಿಸಿಲಿ ವಿಲಿಯಮ್ಸ್ 1935ರಲ್ಲಿ 'ಕ್ವಾಷಿಯೋರ್ಕರ್' ಎಂಬ ಪದವನ್ನು ಅಲ್ಲಿಯ ಗಾ ಭಾಷೆಯಿಂದ ತೆಗೆದುಕೊಂಡು ವೈದ್ಯಪತ್ರಿಕೆಗೆ ಬರೆದರು. ಮುಂದಿನ ಶಿಶು ಹುಟ್ಟಿದಾಗ ಹಿಂದಿನ ಮಗುವಿಗೆ ತಗಲುವ ಬೇನೆ ಎಂದು ಅದರ ಅರ್ಥ. ಎದೆಹಾಲು ತಪ್ಪಿ, ಬರಿಯ ಹಿಟ್ಟಿನ ಗಂಜಿಯ ಮೇಲೆ ಬೆಳೆದ ಮಕ್ಕಳು ಮೈಯೂದಿ ಸೊರಗುತ್ತಿದ್ದುದನ್ನು ಆಕೆ ಕಂಡಿದ್ದರು. ನಮ್ಮ ಮನೆಗಳಲ್ಲಿ ಅಂತಹ ಕ್ಷಾಮವಿಲ್ಲವಾದರೂ ಹೊರಗೆ ಹೊರಟಾಗ ಹಿರಿಯ ಮಗುವಿನ ಊಟ ಬಿಸ್ಕತ್ತಿನ ಪೊಟ್ಟಣಕ್ಕೆ ಇಳಿಯುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ಚಿಕ್ಕದಕ್ಕೆಂದು ಚೀಲದಲ್ಲಿ ಎಂಟು ಬಟ್ಟೆ, ದೊಡ್ಡದಕ್ಕೆ ಏನೂ ಇಲ್ಲ! ಬೇಯಿಸಿದ ಮೊಟ್ಟೆ, ಹೆಸರುಬೇಳೆಯ ಪೊಂಗಲು, ಹುರಿಗಡಲೆ ಪುಡಿಯ ಉಂಡೆ, ಬಾಳೆಹಣ್ಣು ಇವುಗಳಲ್ಲಿ ಯಾವುದಾದರೊಂದು ಚೀಲದಲ್ಲಿರಲಿ. ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು ಮುಂದುವರಿಯಬಹುದು. ಇಬ್ಬರಿಗೂ ಕುಡಿಸುವುದರಲ್ಲಿ ದೋಷವಿಲ್ಲ. ಎಳೆಗೂಸಿಗೆ ಮೊದಲ ಸರದಿ ಎಂಬುದಷ್ಟೇ ನಿಯಮ.

ಹಾಗಾದರೆ ತಾಯಿಯ ಕೈಯೊಂದು ದೊಡ್ಡದಕ್ಕಾಗಿ ಪೂರ್ಣವಾಗಿ ಬಿಡುವಾಗಿರಬೇಕು. ಅಂದರೆ ಚಿಕ್ಕದನ್ನು ಕೈಗಳಿಲ್ಲದೆ ಹೊರುವ ಉಪಾಯ ಬೇಕು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯ ಹೆಂಗಸಿನಂತೆ ನಾನೂ ಅಂಗಡಿಯಿಂದ ಅಂಗಡಿಗೆ ಅಲೆದು ಜೋಡಿಗಾಡಿಗಳ ಬೆಲೆ ವಿಚಾರಿಸಿದ್ದುಂಟು. ಹಳೆಯ ಸೀರೆಯ ಜೋಳಿಗೆ ಮನೆಯ ಗೂಟದಲ್ಲಿಯೇ ಇತ್ತು. ಕಟ್ಟಡದ ಕೆಲಸಕ್ಕೆಂದು ನಮ್ಮ ರಾಯಚೂರು, ಕಲಬುರಗಿಗಳ ಕಡೆಯಿಂದ ಬರುವ ಹೆಂಗಸರು ಬಟ್ಟೆಯಲ್ಲಿ ಕೂಸನ್ನು ಮೈಗೆ ಕಟ್ಟಿಕೊಂಡು ಎರಡೂ ಕೈಯಿಂದ ದುಡಿಯುವುದನ್ನು ನಾವು ಕಂಡೂ ಕಾಣದವರಂತಿರುತ್ತೇವೆ.

ಜೋಳಿಗೆಯಲ್ಲಿಯೂ ಎಚ್ಚರ ಬೇಕು. ನಾಲ್ಕು ತಿಂಗಳೊಳಗಿನ ಕೂಸಿಗೆ, ಅದರಲ್ಲಿಯೂ ತಿಂಗಳು ತುಂಬದೆ ಹುಟ್ಟಿದ ಕೂಸಿಗೆ, ಕತ್ತು ನಿಂತಿರುವುದಿಲ್ಲ. ಚೀಲದಂತೆ ಆಳವಾಗಿ ಜೋತುಬೀಳುವ ಬಟ್ಟೆಯಲ್ಲಿ ಅದು ಮುದುಡಿ ಮಲಗಿದರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಸದ್ದಿಲ್ಲದೆ ಮುಚ್ಚಿಹೋಗಬಹುದು. ಇಂತಹ ಮರಣಗಳು ಸಂಭವಿಸಿದ್ದರಿಂದ ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2010ರ ಮಾರ್ಚಿಯಲ್ಲಿ ತಾಯಿತಂದೆಯರಿಗೆ ಎಚ್ಚರಿಕೆ ಕೊಟ್ಟಿತು. ಕೂಸು ನೆಟ್ಟಗೆ, ತಾಯಿಯ ಎದೆಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು. ತಲೆಬಾಗಿಸಿದರೆ ಅದರ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಗದ್ದಕ್ಕೂ ಎದೆಗೂ ನಡುವೆ ಒಂದು ಬೆರಳಿನಷ್ಟಾದರೂ ತೆರಪಿರಬೇಕು.

ಕಾಲುಗಳ ವಿಷಯದಲ್ಲಿ ನಮ್ಮ ಅಜ್ಜಿಯರ ಸೊಂಟವೇ ಶಾಸ್ತ್ರಸಮ್ಮತ. ಸೊಂಟದ ಎರಡೂ ಕಡೆಗೆ ಕಾಲು ಚಾಚಿ ಕೂರುವ ಕೂಸಿನ ತೊಡೆಯ ಮೂಳೆ ತನ್ನ ಗುಣಿಯಲ್ಲಿ ಚೆನ್ನಾಗಿ ಕೂಡುತ್ತದೆ. ಅದೇ ಅಜ್ಜಿಯರು ಎರೆದ ಮೇಲೆ ಕೂಸನ್ನು ಬಿಳಿಯ ಬಟ್ಟೆಯಲ್ಲಿ ಕಾಲು ನೀಳವಾಗಿರುವಂತೆ ಬಿಗಿದು ಸುತ್ತುತ್ತಾರಲ್ಲ, ಅದು ಮಾತ್ರ ಒಳ್ಳೆಯದಲ್ಲ. ಜಪಾನಿನಲ್ಲಿ 1975ರಿಂದ ಕಾಲು ನೀಡಿ ಬಿಗಿಯುವುದನ್ನು ಬಿಡಿಸುವ ಪ್ರಚಾರ ನಡೆದು, ಸೊಂಟದ ಕೀಲು ತಪ್ಪುವ ಪ್ರಕರಣಗಳು ಗಣನೀಯವಾಗಿ ಇಳಿದವು. ಸುತ್ತುವುದಾದರೆ ಎದೆಯವರೆಗೆ ಸುತ್ತಿ, ಕಾಲುಗಳು ಕಪ್ಪೆಯಂತೆ ಮಡಚಿಕೊಳ್ಳಲು ಎಡೆ ಬಿಡಬೇಕು.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆರು ತಿಂಗಳ ಹೆಣ್ಣುಕೂಸು ಸರಾಸರಿ ಏಳು ಕಿಲೋಗ್ರಾಮಿಗೆ ಸ್ವಲ್ಪ ಮೇಲೆ, ಎರಡು ವರ್ಷದ ಗಂಡುಮಗು ಹನ್ನೆರಡು. ಎರಡನ್ನೂ ಎತ್ತಿದರೆ ಹತ್ತೊಂಬತ್ತರ ಮೇಲಾಯಿತು. ಶಸ್ತ್ರಚಿಕಿತ್ಸೆಯ ಹೆರಿಗೆಯಾದವರು ಮೊದಲ ಆರು ವಾರಗಳಲ್ಲಿ ತಮ್ಮ ಶಿಶುವಿಗಿಂತ ಭಾರವಾದುದನ್ನು ಎತ್ತಕೂಡದು. ಅಂದರೆ ದೊಡ್ಡದನ್ನು ಎತ್ತುವಂತೆಯೇ ಇಲ್ಲ. ಆ ದಿನಗಳಲ್ಲಿ ಕುಳಿತೇ ಅಪ್ಪಿಕೊಳ್ಳಬೇಕು, ಮೆಟ್ಟಿಲೇರಿಸಲು ಇನ್ನೊಬ್ಬರನ್ನು ಕರೆಯಬೇಕು. ಆ ಬಳಿಕವೂ ಬಸ್ಸು ಹತ್ತಿಸುವಾಗ ಕೈ ಹಿಡಿದು ಎಳೆಯದೆ ಎರಡೂ ಕಂಕುಳಡಿಯಲ್ಲಿ ಹಿಡಿದೆತ್ತಬೇಕು. 2025ರ ಆಗಸ್ಟ್ 15ರಿಂದ ಆಂಧ್ರದ ನಿವಾಸಿ ಸ್ತ್ರೀಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಹಣ ಉಳಿಯಿತು, ನಿಲ್ಲಲು ಜಾಗ ಸಿಗಬೇಕಷ್ಟೆ. ಬೆಳಗಿನ ಕಚೇರಿಯ ವೇಳೆ ಕಳೆದು, ಬಿಸಿಲೇರುವ ಮುನ್ನ ಹೊರಟು ಬರುವುದೇ ಲೇಸು.

ಗಾಡಿಯ ಪ್ರಸ್ತಾಪ ಬಂದಿತು. ಹಗುರಾಗಿ ಮಡಚುವ ಮಗುವಿನ ಗಾಡಿಯನ್ನು 1965ರಲ್ಲಿ ರೂಪಿಸಿದವರು ಓವೆನ್ ಮೆಕ್ಲಾರೆನ್ ಎಂಬ ಇಂಗ್ಲೆಂಡಿನ ವಿಮಾನ ತಂತ್ರಜ್ಞರು. ಯುದ್ಧವಿಮಾನದ ಚಕ್ರಗಳನ್ನು ಒಳಕ್ಕೆ ಮಡಚುವ ವಿದ್ಯೆ ಬಲ್ಲವರು. ಸಮತಟ್ಟಾದ ಕಾಲುದಾರಿ ಇರುವೆಡೆ ಜೋಡಿಗಾಡಿ ವರಪ್ರಸಾದವೇ ಸರಿ. ಕೃಷ್ಣಾ ತೀರದ ಉದ್ಯಾನಗಳಲ್ಲಿ ನಾನೂ ನೂಕಿದ್ದೇನೆ. ಆದರೆ ಚಪ್ಪಡಿ ಎದ್ದು, ನಡುನಡುವೆ ವಿದ್ಯುತ್ ಪೆಟ್ಟಿಗೆ ನಿಂತು, ಸ್ಕೂಟರು ಹತ್ತಿ ಬರುವ ನಮ್ಮ ಕಾಲುದಾರಿಯಲ್ಲಿ ಅದನ್ನು ಕೊನೆಗೆ ರಸ್ತೆಗೇ ಇಳಿಸಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ವಾಹನಗಳ ಹೊಗೆ ನೆಲದಿಂದ ಒಂದು ಮೀಟರ್ ಎತ್ತರದೊಳಗೆ ಅತಿ ದಟ್ಟವಾಗಿರುತ್ತದೆ; ಗಾಡಿಯಲ್ಲಿರುವ ಮಗುವಿನ ಮೂಗು ಇರುವುದೂ ಅಲ್ಲಿಯೇ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಎತ್ತಿ ತೋರಿಸಿದರು. ಸಿಗ್ನಲ್ಲಿನಲ್ಲಿ ಕಾಯುವಾಗ ರಸ್ತೆಯ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲುವುದು ಹಣವಿಲ್ಲದ ಪರಿಹಾರ. ಬಿಸಿಲೆಂದು ಗಾಡಿಗೆ ಬಟ್ಟೆ ಮುಚ್ಚುವುದು ಇನ್ನೊಂದು ತಪ್ಪು. ಒಳಗಿನ ಗಾಳಿ ನಿಂತು ಕಾಯುತ್ತದೆ. ಬೆಜವಾಡವನ್ನು 'ಬ್ಲೇಜ್‌ವಾಡ' ಎಂದು ಪರಿಹಾಸ್ಯ ಮಾಡುವ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಈ ಬೇಸಗೆಯಲ್ಲಿಯೂ ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಮತ್ತೆ ಮತ್ತೆ ಕೊಟ್ಟರೆ ಸಾಕು. ಕೇಳದಿದ್ದರೂ ನೀರು ಕುಡಿಸಬೇಕಾದದ್ದು ಮತ್ತೆ ಆ ದೊಡ್ಡದಕ್ಕೇ.

ಸ್ಕೂಟರಿನ ಮಾತು ಕಹಿಯಾದರೂ ಹೇಳಬೇಕು. ಗಂಡ ಚಾಲಕ, ಮುಂದೆ ಕಾಲಿಡುವ ಹಲಗೆಯ ಮೇಲೆ ದೊಡ್ಡದು ನಿಂತು, ಹಿಂದೆ ಒಂದೇ ಪಕ್ಕಕ್ಕೆ ಕುಳಿತ ಹೆಂಡತಿಯ ಮಡಿಲಲ್ಲಿ ಚಿಕ್ಕದು: ಬೆಂಜ್ ಸರ್ಕಲಿನಲ್ಲಿ ಹತ್ತು ನಿಮಿಷ ನಿಂತರೆ ಇಂತಹ ಸಂಸಾರಗಳನ್ನು ಎಣಿಸಬಹುದು. ಮೋಟಾರು ವಾಹನ ಕಾಯಿದೆಯಂತೆ ದ್ವಿಚಕ್ರ ವಾಹನದಲ್ಲಿ ಚಾಲಕನ ಹೊರತು ಒಬ್ಬರಿಗಷ್ಟೇ ಅವಕಾಶ. 2022ರ ಫೆಬ್ರವರಿ 15ರಂದು ಪ್ರಕಟವಾಗಿ ಒಂದು ವರ್ಷದ ತರುವಾಯ ಜಾರಿಗೆ ಬಂದ ನಿಯಮದ ಪ್ರಕಾರ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಚಾಲಕನಿಗೆ ಸುರಕ್ಷಾಪಟ್ಟಿಯಿಂದ ಬಿಗಿದಿರಬೇಕು, ಅದರ ತಲೆಗೆ ಹೊಂದುವ ಶಿರಸ್ತ್ರಾಣವಿರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಒಂಬತ್ತು ತಿಂಗಳೊಳಗಿನ ಕೂಸಿನ ಕತ್ತು ಶಿರಸ್ತ್ರಾಣದ ಭಾರವನ್ನೇ ತಾಳದು. ಅದನ್ನು ಸ್ಕೂಟರಿಗೆ ಹತ್ತಿಸದಿರುವುದೇ ವಿಹಿತ. ಕಾರುಳ್ಳವರು ಹೆಮ್ಮೆಪಡಬೇಕಾಗಿಲ್ಲ. ಮುಂದಿನ ಆಸನದಲ್ಲಿ ಮಡಿಲ ಮೇಲೆ ಕೂರಿಸಿಕೊಂಡ ಮಗುವನ್ನು ಅಪಘಾತದ ಹೊತ್ತಿನಲ್ಲಿ ಯಾವ ತಾಯಿಯ ತೋಳೂ ಹಿಡಿದು ನಿಲ್ಲಿಸಲಾರದು. ಹಿಂದಿನ ಆಸನದಲ್ಲಿ ಇಬ್ಬರಿಗೂ ಪ್ರತ್ಯೇಕ ಮಕ್ಕಳ ಪೀಠ ಬೇಕು.

ಇನ್ನು ಊರಿಗೆ ಹೋಗುವ ಪ್ರಸಂಗ. ವಿಮಾನದಲ್ಲಿ ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರಬಹುದು. ಆದರೆ ಒಬ್ಬ ದೊಡ್ಡವರಿಗೆ ಒಂದೇ ಮಡಿಲುಕೂಸು. ಹದಿನೆಂಟು ತಿಂಗಳ ಅಂತರದವರಿಗೆ ಆರು ತಿಂಗಳ ಕಾಲ ಈ ಲೆಕ್ಕ ಅಡ್ಡಬರುತ್ತದೆ. ಟಿಕೆಟು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ರೈಲು ಉದಾರಿ: ಐದು ವರ್ಷದೊಳಗಿನ ಎಷ್ಟು ಮಕ್ಕಳಿದ್ದರೂ ಟಿಕೆಟಿಲ್ಲ, ಮಲಗುವ ಜಾಗವೂ ಇಲ್ಲ. ಗುಂಟೂರು, ನಂದ್ಯಾಲ, ಗುಂತಕಲ್ಲುಗಳ ಮೇಲೆ ಹಾದು ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಮುಟ್ಟಿಸುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಕೆಳಹಾಸಿಗೆಯ ಮೇಲೆ ಮೂವರು ಮಲಗಿ ರಾತ್ರಿ ಕಳೆದವಳು ನಾನು. ಮಲಗಿದೆನೆಂಬುದು ಬರಿಯ ಮಾತು. 2022ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯವರು ಲಖನೌ ಮೇಲಿನ ಒಂದು ಡಬ್ಬಿಯಲ್ಲಿ ಕೆಳಹಾಸಿಗೆಗೆ ಸೇರಿಸಿ ಮಡಚುವ ಶಿಶುಹಾಸಿಗೆಯನ್ನು ಪ್ರಯೋಗಕ್ಕಿಟ್ಟಿದ್ದರು. ನಮ್ಮ ಗಾಡಿಗೂ ಬರಲೆಂದು ಆಗ ಹಾರೈಸಿದೆ. ನಾನು ಕಂಡುಕೊಂಡ ಕ್ರಮವೆಂದರೆ ಮಕ್ಕಳಿಗಾಗಿಯೇ ಹಣ ಕೊಟ್ಟು ಇನ್ನೊಂದು ಹಾಸಿಗೆ ಕಾದಿರಿಸುವುದು. ಎರಡು ಮೇಲ್ಹಾಸಿಗೆಗಳ ನಡುವೆ ಸೀರೆ ಬಿಗಿದು ಜೋಲಿ ಕಟ್ಟುವವರಿದ್ದಾರೆ. ಎಚ್ಚರವಾಗಿ ಎದುರೇ ಕುಳಿತವರಿದ್ದರೆ ಹಗಲಿನಲ್ಲಿ ಅರ್ಧ ಗಂಟೆ ಚಿಂತೆಯಿಲ್ಲ, ದೊಡ್ಡವರು ನಿದ್ದೆಹೋಗುವ ಹೊತ್ತಿಗೆ ಅದನ್ನು ಬಿಚ್ಚಿರಬೇಕು. ಗಾಡಿ ನಿಲ್ದಾಣದಲ್ಲಿ ನಿಂತಾಗ ಇಳಿಯುವ ಕ್ರಮವೂ ಮುಖ್ಯ. ಚಿಕ್ಕದು ಮೈಗೆ ಕಟ್ಟಿರಬೇಕು. ಮೊದಲು ಸಾಮಾನು ಇಳಿಯಲಿ, ಬಳಿಕ ತಾಯಿ ಇಳಿದು ನಿಂತು, ಬಾಗಿಲಲ್ಲಿ ಸಹಪ್ರಯಾಣಿಕರೊಬ್ಬರು ಹಿಡಿದಿರುವ ದೊಡ್ಡದನ್ನು ಎರಡೂ ಕೈಯಿಂದ ಇಳಿಸಿಕೊಳ್ಳಬೇಕು. ಸಹಾಯ ಕೇಳಲು ನಮ್ಮವರಿಗೆ ಸಂಕೋಚ ಬಹಳ. "ಕೊಂಚೆಂ ಬಾಬುನಿ ಪಟ್ಟುಕೋಂಡಿ" ಎಂಬ ಮೂರು ತೆಲುಗು ಪದಗಳಿಗೆ ಇಲ್ಲಿಯ ಜನ ಇಲ್ಲವೆಂದದ್ದನ್ನು ನಾನು ಕಾಣೆ.

ಪಯಣಗಳನ್ನು ಕಡಿಮೆ ಮಾಡುವುದೂ ಒಂದು ಉಪಾಯ. ಸರ್ಕಾರದ ಲಸಿಕೆಯ ಪಟ್ಟಿಯಂತೆ ಕೂಸಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಸೂಜಿ. ಹಿರಿಯ ಮಗುವಿಗೆ ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ದಡಾರ ಲಸಿಕೆಯ ಎರಡನೆಯ ವರಸೆಯೂ ತ್ರಿರೋಗ ಲಸಿಕೆಯ ಮರುವರಸೆಯೂ ಆಗಬೇಕು. ಒಂದೂವರೆ ವರ್ಷದ ಅಂತರದ ಮನೆಗಳಲ್ಲಿ ಇವೆರಡೂ ಒಂದೇ ಕಾಲಕ್ಕೆ ಬೀಳುತ್ತವೆ. ಚಿಕ್ಕದರ ಗಡಿಬಿಡಿಯಲ್ಲಿ ದೊಡ್ಡದರ ಸೂಜಿ ಮರೆತುಹೋಗುವುದು ನಾನು ಬಲ್ಲ ಮನೆಗಳಲ್ಲೆಲ್ಲ ನಡೆದಿದೆ, ನಮ್ಮಲ್ಲಿಯೂ ಒಂದು ತಿಂಗಳು ತಡವಾಯಿತು. ಎರಡು ಕಾರ್ಡುಗಳನ್ನೂ ಒಂದೇ ಲಕೋಟೆಯಲ್ಲಿಟ್ಟುಕೊಂಡು, ಇಬ್ಬರಿಗೂ ಒಂದೇ ದಿನ ಹಾಕಿಸುವಂತೆ ದಾದಿಯನ್ನು ಕೇಳಿದರೆ ಬೆಂಜ್ ಸರ್ಕಲನ್ನು ದಾಟುವ ಒಂದು ಸರದಿಯಾದರೂ ತಪ್ಪುತ್ತದೆ. ಸೂಜಿ ಹಾಕಿಸುವಾಗ ದೊಡ್ಡದು ಮೊದಲು ಹೋಗಲಿ; ತಂಗಿಯ ಅಳು ಕೇಳಿದ ಮೇಲೆ ಅವನನ್ನು ಮೇಜಿನ ಕೆಳಗಿನಿಂದ ಹೊರಕ್ಕೆ ಕರೆತರಲು ನನಗೆ ಕಾಲು ಗಂಟೆ ಹಿಡಿಯಿತು.